ಹದಿನೈದು ವರ್ಷದ ಬಂಡಿ, ಏಳು ಮೊಳದ ದಾರಿ

ಚುನಾವಣೆ ಸಮೀಪಿಸಿದಾಗ ನಮ್ಮ ಮೊಹಲ್ಲಾಗಳಿಂದ ಹೊರಡುವ ಬೇಡಿಕೆಗಳ ಪಟ್ಟಿ ಬಹುತೇಕ ಎಲ್ಲ ಊರುಗಳಲ್ಲೂ ಒಂದೇ ಬಗೆಯದಾಗಿರುತ್ತದೆ. ಶಾದಿ ಮಹಲ್, ಖಬರಸ್ಥಾನಕ್ಕೆ ಆವರಣ ಗೋಡೆ, ಈದ್ಗಾಹ್ ಮೈದಾನಕ್ಕೆ ನೆಲಹಾಸು, ಮಸೀದಿ ರಸ್ತೆಗೆ ಕಾಂಕ್ರೀಟು, ಮತ್ತೆ ಒಂದೆರಡು ಹೈಮಾಸ್ಟ್ ದೀಪ. ಅಭ್ಯರ್ಥಿ ತಲೆಯಾಡಿಸುತ್ತಾನೆ, ಮುತವಲ್ಲಿಗಳು ಶಾಲು ಹೊದಿಸುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಈ ಪಟ್ಟಿಗಳಲ್ಲಿ ಒಂದರಲ್ಲಾದರೂ 'ನಮ್ಮ ಊರಿನ ಅಗ್ನಿಶಾಮಕ ವಾಹನ ಹಳೆಯದಾಗಿದೆ, ಹೊಸದನ್ನು ಕೊಡಿ' ಎಂಬ ಸಾಲನ್ನು ನಾವು ಇದುವರೆಗೆ ಕಂಡಿಲ್ಲ. ಅದು ತಮ್ಮ ವಿಷಯವೇ ಅಲ್ಲ ಎಂದು ಸಮುದಾಯ ತಿಳಿದಿದೆ. ಬೆಂಕಿ ಬೀಳುವುದು ಬೇರೆ ಯಾರದ್ದೋ ಮನೆಗೆ, ವಾಹನ ಕಳುಹಿಸುವುದು ಬೇರೆ ಯಾರದ್ದೋ ಕೆಲಸ ಎಂಬ ಧೋರಣೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಈ ನಿರ್ಲಕ್ಷ್ಯಕ್ಕೆ ಬೆಲೆ ತೆರುವ ಕಾಲ 2023ರಲ್ಲೇ ಆರಂಭವಾಗಿದೆ. ಆ ವರ್ಷದ ಜನವರಿಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ 2023ರ ಏಪ್ರಿಲ್ 1ರಿಂದ, ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳುವಂತಿಲ್ಲ. ಅವು ಗುಜರಿಗೆ ಹೋಗಬೇಕು. ಹೊಗೆಯುಗುಳುವ ಹಳೆಯ ಜೀಪು, ಬಸ್ಸುಗಳು ರಸ್ತೆಯಿಂದ ತೊಲಗಲಿ ಎಂಬ ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಸರಕಾರಿ ವಾಹನ ಎಂಬ ಪದದಡಿ ಅಧಿಕಾರಿಯ ಕಾರೂ ಬರುತ್ತದೆ, ಅಗ್ನಿಶಾಮಕ ಠಾಣೆಯ ಜಲವಾಹನವೂ ಬರುತ್ತದೆ. ನಮ್ಮ ರಾಜ್ಯದ ಅಗ್ನಿಶಾಮಕ ಇಲಾಖೆಗೂ ಈ ಏಟು ಬಿತ್ತು. ಅಧಿಕಾರಿಯ ಕಾರು ಹೋದರೆ ಬಾಡಿಗೆ ಕಾರು ಸಿಗುತ್ತದೆ. ಜಲವಾಹನವನ್ನು ಬಾಡಿಗೆಗೆ ಕೊಡುವವರು ಯಾವ ಊರಿನಲ್ಲಿದ್ದಾರೆ?

ಅದೇ ಅಧಿಸೂಚನೆಯಲ್ಲಿ ಒಂದು ವಿನಾಯಿತಿಯೂ ಇದೆ. ದೇಶ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಂದರೆ ಪ್ರತಿಭಟನೆಗೆ ಕುಳಿತ ಜನರ ಮೇಲೆ ನೀರು ಹಾರಿಸುವ ಪೊಲೀಸ್ ವಾಹನ ಈ ವಿನಾಯಿತಿಯ ಮಾತಿನೊಳಗೆ ಸುಲಭವಾಗಿ ಸೇರಿಕೊಳ್ಳಬಲ್ಲದು. ಉರಿಯುವ ಮನೆಯ ಮೇಲೆ ನೀರು ಹಾರಿಸುವ ವಾಹನಕ್ಕೆ ಅದರಲ್ಲಿ ಹೆಸರಿಲ್ಲ. ನಿಯಮ ಬರೆದವರ ಮನಸ್ಸಿನಲ್ಲಿ ಯಾವ ನೀರಿಗೆ ಹೆಚ್ಚಿನ ಬೆಲೆಯಿತ್ತು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಹಾಗೆಂದು ಹಳೆಯ ವಾಹನಗಳನ್ನೇ ಉಳಿಸಿಕೊಳ್ಳಿ ಎಂಬುದು ನಮ್ಮ ವಾದವಲ್ಲ. ಅಗ್ನಿಶಾಮಕ ವಾಹನ ಮುದಿಯಾಗುವ ಬಗೆಯೇ ಬೇರೆ. ಅದು ಲಾರಿಯಂತೆ ಲಕ್ಷಾಂತರ ಕಿಲೋಮೀಟರ್ ಓಡುವುದಿಲ್ಲವಾದ್ದರಿಂದ ಮೈಲಿ ಮಾಪಕವನ್ನು ನೋಡಿದವರಿಗೆ ಇನ್ನೂ ಹೊಸದೆಂದೇ ತೋರುತ್ತದೆ. ಆದರೆ ಬೆಂಕಿಯ ಮುಂದೆ ನಿಂತಲ್ಲೇ ನಿಂತು, ಗಂಟೆಗಟ್ಟಲೆ ಅದರ ಇಂಜಿನು ಪಂಪನ್ನು ತಿರುಗಿಸುತ್ತಿರುತ್ತದೆ. ಆ ದುಡಿಮೆ ಯಾವ ಮೈಲಿ ಮಾಪಕದಲ್ಲೂ ದಾಖಲಾಗುವುದಿಲ್ಲ. ವರ್ಷವಿಡೀ ತುಂಬಿಕೊಂಡೇ ಇರುವ ನೀರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಪಂಪಿನ ಸೀಲುಗಳು ಸವೆದು ಒತ್ತಡ ಕುಸಿಯುತ್ತದೆ. ಬಾವಿಯಿಂದಲೋ ಕೆರೆಯಿಂದಲೋ ನೀರೆಳೆಯಬೇಕಾದಾಗ ಗಾಳಿ ಸೇರಿಕೊಂಡು ನೀರು ಮೇಲೇರುವುದಿಲ್ಲ. ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗದೆ ಸಿಬ್ಬಂದಿಯೇ ಊರ ಮೆಕ್ಯಾನಿಕನ ಬಳಿ ಹೋಗಿ ಒಗ್ಗಿಸಿಕೊಂಡು ಬರಬೇಕಾಗುತ್ತದೆ. ಇಂಥ ವಾಹನವನ್ನು ಹತ್ತಿ ಬೆಂಕಿಯತ್ತ ಹೋಗುವವನೂ ಒಬ್ಬ ತಾಯಿಯ ಮಗ. ಅವನ ಕೈಗೆ ಕೆಲಸಕ್ಕೆ ಬಾರದ ಪಂಪನ್ನು ಕೊಟ್ಟು ಧೈರ್ಯ ಪದಕದ ಮಾತಾಡುವುದು ಅವನಿಗೆ ಮಾಡುವ ಅವಮಾನ.

ಆದುದರಿಂದ ಬದಲಾವಣೆ ಬೇಕೇ ಬೇಕು. ಪ್ರಶ್ನೆ ಕ್ರಮದ್ದು. ಹೊಸ ವಾಹನ ಠಾಣೆಯ ಅಂಗಳಕ್ಕೆ ಬಂದ ಮೇಲೆ ಹಳೆಯದನ್ನು ಗುಜರಿಗೆ ಕಳುಹಿಸಬೇಕೋ, ಹಳೆಯದನ್ನು ಕಳುಹಿಸಿ ಹೊಸದಕ್ಕಾಗಿ ಟೆಂಡರ್ ಕರೆಯುತ್ತ ಕೂರಬೇಕೋ? ಯಾವ ಗೃಹಸ್ಥನೂ ಹೊಸ ಮಾಡು ಹೊದಿಸುವ ಏರ್ಪಾಡಿಲ್ಲದೆ ಮಳೆಗಾಲದಲ್ಲಿ ಹಳೆಯ ಹೆಂಚುಗಳನ್ನು ಕೆಳಗಿಳಿಸುವುದಿಲ್ಲ. ಹದಿನೈದು ವರ್ಷ ತುಂಬುವ ದಿನಾಂಕ ವಾಹನ ಕೊಂಡ ದಿನವೇ ಗೊತ್ತಿರುವಂಥದ್ದು. ಹನ್ನೆರಡನೆಯ ವರ್ಷದಲ್ಲಿ ಅದರ ಬದಲಿಗೆ ಹಣ ಮೀಸಲಿಡುವ ಪದ್ಧತಿಯಿದ್ದರೆ ಈ ಬಿಕ್ಕಟ್ಟೇ ಹುಟ್ಟುತ್ತಿರಲಿಲ್ಲ.

ಇನ್ನು ಒಂದಕ್ಕೆ ಒಂದು ಎಂಬ ಲೆಕ್ಕವೂ ಸಾಲದು. ಹದಿನೈದು ವರ್ಷಗಳ ಹಿಂದೆ ಇದ್ದ ಊರು ಈಗ ಆ ಊರಾಗಿ ಉಳಿದಿಲ್ಲ. 2001ರ ಜನಗಣತಿಯಲ್ಲಿ ಕರ್ನಾಟಕದ ನಗರವಾಸಿಗಳ ಪ್ರಮಾಣ ಶೇ. 34ರ ಆಸುಪಾಸಿನಲ್ಲಿತ್ತು, 2011ರಲ್ಲಿ ಅದು ಶೇ. 38 ದಾಟಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲೇ ಇಲ್ಲ. ಆದರೆ ತಾಲೂಕು ಕೇಂದ್ರಗಳ ಹೊರವಲಯದಲ್ಲಿ ಎದ್ದಿರುವ ಬಡಾವಣೆಗಳನ್ನು ಕಾಣಲು ಗಣತಿಯ ಪುಸ್ತಕ ಬೇಕಿಲ್ಲ. ಕೊಲ್ಲಿ ರಾಷ್ಟ್ರಗಳ ಹಣದಿಂದ ಒಂದಂತಸ್ತಿನ ಮನೆಗಳು ಮೂರಂತಸ್ತಾಗಿವೆ. ಹಳೆಯ ಪೇಟೆಗಳಲ್ಲಿ ಹೆಂಚಿನ ಅಂಗಡಿಗಳ ಜಾಗದಲ್ಲಿ ವಾಣಿಜ್ಯ ಸಂಕೀರ್ಣಗಳು ನಿಂತಿವೆ. ದೇಶದ ಸ್ಥಾಯಿ ಅಗ್ನಿ ಸಲಹಾ ಸಮಿತಿ ಬಹುಕಾಲದ ಹಿಂದೆಯೇ ಹಾಕಿಕೊಟ್ಟ ಮಾನದಂಡದಂತೆ, ಮೂರು ಲಕ್ಷದವರೆಗಿನ ಜನಸಂಖ್ಯೆಯ ಪಟ್ಟಣಗಳಲ್ಲಿ ಪ್ರತಿ 50,000 ಜನರಿಗೆ ಒಂದು ಜಲವಾಹನ ಇರಬೇಕು. ಲಕ್ಷ ಜನರಿರುವ ಊರಿಗೆ ಎರಡು. ಒಂದು ಕೆಟ್ಟರೆ ಆಸರೆಗೆ ಇನ್ನೊಂದು. ನಿಮ್ಮ ಊರಿನ ಠಾಣೆಯಲ್ಲಿ ಓಡುವ ಸ್ಥಿತಿಯಲ್ಲಿರುವ ವಾಹನಗಳೆಷ್ಟು? ಈ ಸಾಲುಗಳನ್ನು ಓದುತ್ತಿರುವವರಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಉತ್ತರ ಗೊತ್ತಿದೆಯೆಂದು ನಾವು ನಂಬುವುದಿಲ್ಲ. ಊರಿನ ಮಸೀದಿಗಳಲ್ಲಿ ಎಷ್ಟು ಮಿನಾರಗಳಿವೆ ಎಂದು ಕೇಳಿದ್ದರೆ ಎಲ್ಲರೂ ಹೇಳುತ್ತಿದ್ದರು!

ಎರಡನೆಯ ವಾಹನ ಏಕೆ ಬೇಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ನಮ್ಮ ಠಾಣೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಜಲವಾಹನದ ಟ್ಯಾಂಕು ಸುಮಾರು 4,500 ಲೀಟರ್‌ನದು. ಅದರ ಪಂಪು ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ 1,800 ಲೀಟರ್ ನೀರು ಹಾಯಿಸಬಲ್ಲದು. ಭಾಗಿಸಿ ನೋಡಿದರೆ ಎರಡೂವರೆ ನಿಮಿಷ! ಒಂದೇ ಕೊಳವೆಯಲ್ಲಿ ಮಿತವಾಗಿ ಬಿಟ್ಟರೂ ಹತ್ತು ನಿಮಿಷ ದಾಟುವುದು ಕಷ್ಟ. ಬಳಿಕ ವಾಹನ ನೀರು ತುಂಬಿಸಿಕೊಳ್ಳಲು ಹೊರಟರೆ ಬೆಂಕಿ ಕಾಯುತ್ತ ನಿಲ್ಲುವುದಿಲ್ಲ. 'ಫೈರ್ ಇಂಜಿನ್ ಬಂತು, ಆದರೆ ನೀರೇ ಇರಲಿಲ್ಲ' ಎಂದು ನಮ್ಮ ಜನ ಸಿಬ್ಬಂದಿಯ ಮೇಲೆ ಕೂಗಾಡುವುದನ್ನು ಎಲ್ಲ ಊರುಗಳಲ್ಲೂ ಕೇಳಬಹುದು. ನೀರಿತ್ತು, ಮುಗಿಯಿತು. ಕೂಗಬೇಕಾದ ಜಾಗ ಬೇರೆ.

ಆ ಜಾಗ ಯಾವುದು? ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿಸಲಾದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯೂ ನಗರಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿದೆ. ಆದರೆ ಕರ್ನಾಟಕದಲ್ಲಿ 1964ರ ಕಾಯ್ದೆಯಂತೆ ಅದು ರಾಜ್ಯ ಸರಕಾರದ ಇಲಾಖೆ, ಗೃಹ ಖಾತೆಯ ಅಧೀನದಲ್ಲಿರುವಂಥದ್ದು. ಹೀಗಾಗಿ ಪುರಸಭಾ ಸದಸ್ಯ ಕೈ ಝಾಡಿಸುತ್ತಾನೆ, ಶಾಸಕ ಬೆಂಗಳೂರಿನತ್ತ ತೋರಿಸುತ್ತಾನೆ, ಬೆಂಗಳೂರು ದಿಲ್ಲಿಯತ್ತ ನೋಡುತ್ತದೆ. ದಿಲ್ಲಿಯಲ್ಲಿ ಹಣವಿಲ್ಲವೆಂದೇನೂ ಇಲ್ಲ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು 5,000 ಕೋಟಿ ರೂಪಾಯಿಗಳ ಯೋಜನೆಯೊಂದು 2023ರಲ್ಲಿ ಪ್ರಕಟವಾಯಿತು. ನಮ್ಮಂಥ ರಾಜ್ಯಗಳು ವೆಚ್ಚದ ನಾಲ್ಕನೇ ಒಂದು ಭಾಗವನ್ನು ತಾವೇ ಭರಿಸಬೇಕೆಂಬ ಷರತ್ತು ಅದರಲ್ಲಿತ್ತು. ಆ ಹಣದಲ್ಲಿ ನಮ್ಮ ಜಿಲ್ಲೆಗೆ ಬಂದ ವಾಹನಗಳೆಷ್ಟು, ಯಾವ ಠಾಣೆಗೆ, ಯಾವ ತಿಂಗಳಲ್ಲಿ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗಿದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಜಾರಿಯಲ್ಲಿದೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಇಫ್ತಾರ್ ಕೂಟಕ್ಕೆ ಮಂತ್ರಿಯನ್ನು ಕರೆತರಲು ನಮ್ಮವರು ಪಡುವ ಶ್ರಮದ ನೂರನೇ ಒಂದು ಪಾಲು ಈ ಅರ್ಜಿಗೆ ಸಾಕು.

ಇದು ಇಡೀ ಊರಿನ ಸಮಸ್ಯೆ, ಸಮುದಾಯದ ಪತ್ರಿಕೆಗೆ ಇದರಲ್ಲೇನು ಕೆಲಸ ಎಂದು ಕೇಳುವವರಿರಬಹುದು. ಹೌದು, ಇದು ಇಡೀ ಊರಿನದು. ಆದರೆ ನಾವು ಎಲ್ಲಿ ವಾಸಿಸುತ್ತೇವೆ, ಹೇಗೆ ವಾಸಿಸುತ್ತೇವೆ ಎಂಬುದನ್ನು ಒಮ್ಮೆ ಕಣ್ತೆರೆದು ನೋಡೋಣ. ಗುಜರಿ, ಹಾಸಿಗೆ ಹತ್ತಿ, ಟಯರು, ಮರಗೆಲಸ, ಪೀಠೋಪಕರಣ, ಚಪ್ಪಲಿ, ಸಿದ್ಧ ಉಡುಪು: ನಮ್ಮವರು ಹೆಚ್ಚಾಗಿ ತೊಡಗಿರುವ ಈ ಉದ್ಯೋಗಗಳಲ್ಲಿ ಬೇಗನೆ ಹೊತ್ತಿಕೊಳ್ಳದ ಸರಕು ಯಾವುದಿದೆ? ಕೆಳಗೆ ಗೋದಾಮು, ಮಧ್ಯದಲ್ಲಿ ಹೊಲಿಗೆ ಯಂತ್ರಗಳು, ಮೇಲೆ ಸಂಸಾರ. ಏರಿಳಿಯಲು ಒಂದೇ ಮೆಟ್ಟಿಲು, ಅದರ ಕೆಳಗೆ ವಿದ್ಯುತ್ ಮೀಟರುಗಳ ಸಾಲು, ಈಚೆಗೆ ಅಲ್ಲಿಯೇ ಚಾರ್ಜಿಗಿಟ್ಟ ಬ್ಯಾಟರಿ ಸ್ಕೂಟರು. ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಬೆಸುಗೆ ಹಾಕಿದ ಕಬ್ಬಿಣದ ಸರಳುಗಳು. ಗಂಡಸರು ಅಂಗಡಿಗೆ ಹೋದ ಹೊತ್ತಿನಲ್ಲಿ ಆ ಸರಳುಗಳ ಹಿಂದೆ ಉಳಿಯುವವರು ಹೆಂಗಸರು, ಮಕ್ಕಳು, ಹಾಸಿಗೆ ಹಿಡಿದ ವೃದ್ಧರು.

2019ರ ಡಿಸೆಂಬರ್ 8ರ ನಸುಕಿನಲ್ಲಿ ದಿಲ್ಲಿಯ ಅನಾಜ್ ಮಂಡಿಯ ಕಟ್ಟಡವೊಂದರಲ್ಲಿ ಹೀಗೆಯೇ ಆಯಿತು. ಚೀಲ, ಆಟಿಕೆ ತಯಾರಿಸುವ ಕಾರ್ಖಾನೆಗಳಲ್ಲಿ ದುಡಿದು ಅಲ್ಲೇ ಮಲಗಿದ್ದ 43 ಮಂದಿ ಸತ್ತರು. ಬಹುಪಾಲು ಬಿಹಾರದಿಂದ ಬಂದ ಬಡ ಹುಡುಗರು, ಅವರಲ್ಲಿ ಅನೇಕರು ಮುಸ್ಲಿಮರು. ಓಣಿ ಇಕ್ಕಟ್ಟಾಗಿದ್ದುದರಿಂದ ವಾಹನಗಳು ಒಳಕ್ಕೆ ಬರಲಾಗದೆ ಸಿಬ್ಬಂದಿ ಜನರನ್ನು ಹೆಗಲ ಮೇಲೆ ಹೊತ್ತು ತರಬೇಕಾಯಿತು. 2025ರ ಮೇ 18ರಂದು ಹೈದರಾಬಾದಿನ ಚಾರ್ಮಿನಾರ್ ಬಳಿಯ ಗುಲ್ಝಾರ್ ಹೌಝ್‌ನಲ್ಲಿ 17 ಮಂದಿ ತೀರಿಕೊಂಡರು, ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಅದು ಹಿಂದೂ ವ್ಯಾಪಾರಿ ಕುಟುಂಬ; ರಕ್ಷಣೆಗೆ ಮೊದಲು ಧಾವಿಸಿದವರಲ್ಲಿ ನೆರೆಯ ಮುಸ್ಲಿಮ್ ಬಳೆ ವ್ಯಾಪಾರಿಗಳಿದ್ದರು. ಸುರಂಗದಂಥ ಪ್ರವೇಶ, ಕಿರಿದಾದ ಒಂದೇ ಮೆಟ್ಟಿಲು. ಅದೇ ವರ್ಷದ ಆಗಸ್ಟ್ 16ರಂದು ನಮ್ಮದೇ ಬೆಂಗಳೂರಿನ ನಗರ್ತಪೇಟೆಯಲ್ಲಿ ಐವರು ಬಲಿಯಾದರು. ಅಲ್ಲಿಯೂ ಕೆಳಗೆ ಸರಕು, ಮೇಲೆ ಸಂಸಾರ. ಇವೆಲ್ಲ ಹತ್ತಾರು ಅಗ್ನಿಶಾಮಕ ಠಾಣೆಗಳಿರುವ ಮಹಾನಗರಗಳು. ಇದ್ದೊಂದು ವಾಹನವೂ ಹದಿನೈದರ ಗಡಿಯಲ್ಲಿ ನಿಂತಿರುವ ಪಟ್ಟಣದ ಗತಿಯೇನು?

ಇಲ್ಲಿ ನಮ್ಮವರು ಒಂದು ಸಿದ್ಧ ಉತ್ತರವನ್ನು ತೆಗೆದಿರಿಸಿಕೊಂಡಿದ್ದಾರೆ. ತಕ್ದೀರ್! ಬೆಂಕಿಯಲ್ಲಿ ಸತ್ತವರಿಗೆ ಹುತಾತ್ಮರ ಸ್ಥಾನವಿದೆಯೆಂಬ ಪ್ರವಾದಿ(ಸ)ಯವರ ಮಾತನ್ನು ಮಯ್ಯಿತ್ತಿನ ಮನೆಯಲ್ಲಿ ಹೇಳಿ ಕಣ್ಣೊರೆಸುತ್ತಾರೆ. ದುಃಖಿತರಿಗೆ ಅದು ದೊಡ್ಡ ಸಾಂತ್ವನವೇ ಸರಿ. ಆದರೆ ಆ ಸಾಂತ್ವನವನ್ನು ಹೊಣೆಗೇಡಿತನಕ್ಕೆ ಹೊದಿಕೆಯಾಗಿಸುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರು? ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಮನೆಮಂದಿಯ ಮೇಲೆಯೇ ಉರಿದುಬಿದ್ದ ಸುದ್ದಿ ತಲುಪಿದಾಗ ಪ್ರವಾದಿ(ಸ)ಯವರು ವಿಧಿಯ ಮೇಲೆ ಪ್ರವಚನ ಮಾಡಲಿಲ್ಲ. ಬೆಂಕಿ ನಿಮ್ಮ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬ ಕಟ್ಟುನಿಟ್ಟಾದ ಆದೇಶವನ್ನಿತ್ತರು. ಅಬೂ ಮೂಸಾ ಅಲ್ ಅಶ್‌ಅರಿ(ರ) ಇದನ್ನು ವರದಿ ಮಾಡಿದ್ದಾರೆ. ಇಲಿಯೊಂದು ಉರಿಯುವ ಬತ್ತಿಯನ್ನು ಎಳೆದು ಮನೆ ಸುಡಬಹುದು ಎಂಬಷ್ಟು ಸೂಕ್ಷ್ಮ ವಿವರಕ್ಕೂ ಹೋಗಿದ್ದಾರೆ ನಮ್ಮ ಪ್ರವಾದಿ(ಸ). ಅಮ್ವಾಸ್‌ನ ಪ್ಲೇಗಿನ ಸಂದರ್ಭದಲ್ಲಿ ಸಿರಿಯಾದ ದಾರಿಯಿಂದ ಹಿಂದಿರುಗಲು ತೀರ್ಮಾನಿಸಿದ ಖಲೀಫಾ ಉಮರ್(ರ)ರವರನ್ನು, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಹೌದು, ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯತ್ತ ಎಂದು ಅವರು ಉತ್ತರಿಸಿದ್ದು ಮದರಸದ ಮಕ್ಕಳಿಗೂ ಬಾಯಿಪಾಠ. ಪಾಠ ಮಾಡಿಸಿದ ಉಸ್ತಾದರು ಮದರಸದ ಮೆಟ್ಟಿಲ ಕೆಳಗಿನ ಗ್ಯಾಸ್ ಸಿಲಿಂಡರನ್ನು ಎತ್ತಿ ಹೊರಗಿಡಿಸಿದ್ದಾರೆಯೇ?

ಸರಕಾರವನ್ನು ಮಾತ್ರ ದೂರಿ ಲೇಖನಿ ಕೆಳಗಿಟ್ಟರೆ ನಾವು ಓದುಗರಿಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ನಾಳೆಯೇ ಹೊಚ್ಚಹೊಸ ಜಲವಾಹನ ಬಂತೆನ್ನಿ. ಎಂಟು ಅಡಿಗೂ ಮಿಕ್ಕಿ ಅಗಲದ ಆ ವಾಹನ ನಮ್ಮ ಓಣಿಯೊಳಗೆ ಬರುವುದು ಹೇಗೆ? ಒಂದು ಬದಿಯಲ್ಲಿ ಅಂಗಡಿಯ ತಗಡಿನ ಚಾವಣಿ, ಇನ್ನೊಂದು ಬದಿಯಲ್ಲಿ ಹೊಸ ಮನೆಯ ಜಗಲಿ, ತಲೆಯ ಮೇಲೆ ಮುಂಚಾಚಿದ ಬಾಲ್ಕನಿ, ನಡುವೆ ಅಡ್ಡಾದಿಡ್ಡಿಯಾಗಿ ನಿಲ್ಲಿಸಿದ ಬೈಕುಗಳು. ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಂತೂ ಪೇಟೆ ಬೀದಿಯಲ್ಲಿ ಮನುಷ್ಯ ನಡೆಯುವುದೇ ದುಸ್ತರ. ದಾರಿಯ ಅಗಲದ ಕುರಿತು ಜನರಲ್ಲಿ ವಿವಾದ ಹುಟ್ಟಿದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ಯವರು ತೀರ್ಪಿತ್ತಿದ್ದು ಸಹೀಹ್ ಬುಖಾರಿಯಲ್ಲಿದೆ. ಏಳು ಮೊಳವೆಂದರೆ ಸುಮಾರು ಹತ್ತೂವರೆ ಅಡಿ. ಒಂಟೆಗಳ ಕಾಲದಲ್ಲಿ ನಿಗದಿಯಾದ ಆ ಅಳತೆಯಲ್ಲಿ ಇಂದಿನ ಜಲವಾಹನ ತೂರಿ ಹೋಗಬಲ್ಲದು! ಸುನ್ನತ್ತಿನ ಹೆಸರಿನಲ್ಲಿ ಗಡ್ಡದ ಅಳತೆಗೆ, ಇಝಾರಿನ ಅಳತೆಗೆ ದಶಕಗಟ್ಟಲೆ ವಾಗ್ವಾದ ನಡೆಸಿದ ನಾವು ದಾರಿಯ ಈ ಅಳತೆಯನ್ನು ಮಿಂಬರಿನ ಮೇಲಿನಿಂದ ಎಷ್ಟು ಬಾರಿ ಕೇಳಿದ್ದೇವೆ?

ಫಿಕ್ಹ್ ಇನ್ನೂ ಮುಂದೆ ಹೋಗಿದೆ. ಹನಫಿ ಮದರಸಗಳ ಪಠ್ಯವಾದ 'ಹಿದಾಯ'ದಲ್ಲಿ ಸಾರ್ವಜನಿಕ ದಾರಿಯತ್ತ ಚಾಚಿಸಿದ ಕಟ್ಟಡಗಳ ಕುರಿತಾಗಿಯೇ ಒಂದು ಅಧ್ಯಾಯವಿದೆ. ಹಾಗೆ ಚಾಚಿಸಿದ್ದನ್ನು ತೆಗೆಸುವ ಹಕ್ಕು ಜನಸಾಮಾನ್ಯರಲ್ಲಿ ಯಾರಿಗೂ ಇದೆ. ಅದು ಬಿದ್ದು ಯಾರಾದರೂ ಸತ್ತರೆ ಪರಿಹಾರದ ಹೊಣೆ ಕಟ್ಟಿದವನ ಕಡೆಯವರದ್ದು. ಈ ಅಧ್ಯಾಯವನ್ನು ಓದಿ ಸನದು ಪಡೆದವರೇ ಹಲವು ಮಸೀದಿಗಳ ಸಮಿತಿಗಳಿಗೆ ಸಲಹೆಗಾರರು. ಅಂಥ ಮಸೀದಿಗಳ ಹೊಸ ಕಟ್ಟಡಗಳ ಮೆಟ್ಟಿಲುಗಳು ಬೀದಿಗಿಳಿದಿರುವುದನ್ನು ಕಂಡೂ ಅವರು ಮೌನ. ಅತಿಕ್ರಮಣ ತೆರವಿನ ಹೆಸರಿನಲ್ಲಿ ಬುಲ್‌ಡೋಝರು ನಮ್ಮ ಮನೆಗಳನ್ನೇ ಹುಡುಕಿಕೊಂಡು ಬರುವ ಈ ದಿನಗಳಲ್ಲಿ ಇದನ್ನೆಲ್ಲ ಬರೆಯಬೇಕೇ ಎಂದು ಮಿತ್ರರು ಎಚ್ಚರಿಸುತ್ತಾರೆ. ಅವರ ಭಯ ಕಾರಣವಿಲ್ಲದ್ದಲ್ಲ. ದ್ವೇಷದಿಂದ ಒಂದೇ ಸಮುದಾಯದ ಗೋಡೆಗಳನ್ನು ಕೆಡಹುವ ರಾಜಕೀಯವನ್ನು ನಾವು ವಿರೋಧಿಸುತ್ತ ಬಂದಿದ್ದೇವೆ, ಮುಂದೆಯೂ ವಿರೋಧಿಸುತ್ತೇವೆ. ಆದರೆ ನಮ್ಮ ಮಕ್ಕಳ ಪ್ರಾಣಕ್ಕಾಗಿ ನಾವೇ ಸ್ವಇಚ್ಛೆಯಿಂದ ಎರಡು ಅಡಿ ಹಿಂದೆ ಸರಿಯುವುದನ್ನು ಯಾವ ಬುಲ್‌ಡೋಝರಿನ ನೆಪವೂ ತಡೆಯಬಾರದು.

ಈ ಚರ್ಚೆ ಬಂದಾಗಲೆಲ್ಲ ಉತ್ಸಾಹಿ ಯುವಕರು ಒಂದು ಸಲಹೆ ಮುಂದಿಡುತ್ತಾರೆ. ಆಂಬುಲೆನ್ಸ್ ಕೊಂಡಂತೆ ಜಮಾಅತಿನ ವತಿಯಿಂದಲೇ ಒಂದು ಫೈರ್ ಇಂಜಿನ್ ಕೊಳ್ಳೋಣ, ಗಲ್ಫಿನ ಸಹೋದರರು ಕೊಡುತ್ತಾರೆ. ಅವರ ಸದುದ್ದೇಶವನ್ನು ನಾವು ಗೌರವಿಸುತ್ತೇವೆ, ಸಲಹೆಯನ್ನು ಒಪ್ಪುವುದಿಲ್ಲ. ಆಂಬುಲೆನ್ಸಿಗೆ ಒಬ್ಬ ಚಾಲಕ ಸಾಕು. ಅಗ್ನಿಶಾಮಕ ವಾಹನಕ್ಕೆ ತರಬೇತಿ ಪಡೆದ ತಂಡ ಬೇಕು. ಅದು ದಿನದ ಇಪ್ಪತ್ತನಾಲ್ಕು ಗಂಟೆ ಪಾಳಿಯಲ್ಲಿರಬೇಕು. ಹೊಗೆಯಲ್ಲಿ ಉಸಿರಾಡುವ ಉಪಕರಣ ಬೇಕು, ಅದನ್ನು ವರ್ಷವರ್ಷವೂ ಪರೀಕ್ಷಿಸಬೇಕು. ಇಲ್ಲದಿದ್ದರೆ ದಾನಿಗಳ ಹೆಸರು ಬರೆದ ಕೆಂಪು ವಾಹನವೊಂದು ಜಮಾಅತ್ ಕಚೇರಿಯ ಮುಂದೆ ನಿಂತು ತುಕ್ಕು ಹಿಡಿಯುತ್ತದೆ. ಇಸ್ತಾಂಬುಲಿನಲ್ಲಿ 1720ರಲ್ಲಿ ಉಸ್ಮಾನಿಯಾ ಆಡಳಿತ ಬೆಂಕಿ ನಂದಿಸುವ ದಳವನ್ನು ಸ್ಥಾಪಿಸಿದಾಗ, ಫ್ರಾನ್ಸಿನಿಂದ ಬಂದು ಇಸ್ಲಾಮ್ ಸ್ವೀಕರಿಸಿದ್ದ ದಾವೂದ್ ಎಂಬ ತಂತ್ರಜ್ಞನನ್ನು ಅದರ ಮುಖ್ಯಸ್ಥನನ್ನಾಗಿಸಿತು. ವಕ್ಫ್‌ಗಳ ಮಹಾನಗರಿಯಾಗಿದ್ದ ಅಲ್ಲಿಯೂ ಅದನ್ನು ರಾಜ್ಯವೇ ವಹಿಸಿಕೊಂಡಿತು. ಮೇಲಾಗಿ ನಾವು ಕೊಡುವ ತೆರಿಗೆಯ ಪ್ರತಿಫಲವಾಗಿ ನಮಗೆ ಸಲ್ಲಬೇಕಾದುದನ್ನು ಸದಕದ ಹಣದಿಂದ ಕೊಂಡುಕೊಂಡರೆ ಸರಕಾರಕ್ಕೆ ಅದಕ್ಕಿಂತ ದೊಡ್ಡ ಬಿಡುವು ಇನ್ನೊಂದಿಲ್ಲ. ನಮ್ಮ ಮೊಹಲ್ಲಾಗಳಿಂದ ಸರಕಾರಿ ಆಸ್ಪತ್ರೆ, ಸರಕಾರಿ ಶಾಲೆ ದೂರ ಸರಿದದ್ದು ಇದೇ ದಾರಿಯಲ್ಲಿ.

ಜಮಾಅತು ಮಾಡಬಹುದಾದ, ಬೇರೆ ಯಾರೂ ಮಾಡಲಾಗದ ಕೆಲಸ ಬೇರೆಯೇ ಇದೆ. ಪ್ರತಿ ಮೊಹಲ್ಲಾದ ಮಧ್ಯದಲ್ಲಿ ಒಂದು ಮಸೀದಿ, ಮಸೀದಿಯಲ್ಲಿ ವುಝೂವಿನ ಹೌಝ್ ಅಥವಾ ನೆಲದಡಿಯ ದೊಡ್ಡ ತೊಟ್ಟಿ, ಅದನ್ನು ತುಂಬಿಸುವ ಕೊಳವೆ ಬಾವಿ. ಎರಡೂವರೆ ನಿಮಿಷಕ್ಕೆ ಬರಿದಾಗುವ ವಾಹನಕ್ಕೆ ಐವತ್ತು ಹೆಜ್ಜೆಯಲ್ಲಿ ಸಾವಿರಾರು ಲೀಟರ್ ನೀರು! ಬೀದಿ ಬದಿಯ ಗೋಡೆಯಲ್ಲಿ ಠಾಣೆಯ ಕೊಳವೆಗೆ ಹೊಂದುವ ಜೋಡಣೆಯೊಂದನ್ನು ಇರಿಸಿ, ಮೀಟರು ಕಿತ್ತರೂ ನಡೆಯುವಂತೆ ಡೀಸೆಲ್ ಪಂಪನ್ನು ಕೂರಿಸಿದರೆ ಆಯಿತು. ಖರ್ಚು ಒಂದು ಗುಂಬಝಿನ ಬಣ್ಣಕ್ಕಿಂತ ಹೆಚ್ಚಾಗದು. ಆ ನೀರು ಮುಸ್ಲಿಮನ ಮನೆಗೆ ಮಾತ್ರವಲ್ಲ, ಪಕ್ಕದ ಬೀದಿಯ ದೇವಸ್ಥಾನದ ಚಪ್ಪರಕ್ಕೂ ಹರಿಯಲಿ. ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯಲ್ಲಿ ಜೀವದ ಜಾತಿಯನ್ನು ಕೇಳಿಲ್ಲ.

ಇನ್ನು ಅರ್ಜಿಯ ಮಾತು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಗೊಂಡಾಗ ಬೆಂಕಿಯೊಡನೆ ಹೋರಾಡುತ್ತ ಮಡಿದ ಸಿಬ್ಬಂದಿಯ ನೆನಪಿನ ದಿನವದು. ಆ ವಾರ ಠಾಣೆಯವರು ಶಾಲೆಗಳಿಗೆ ಬಂದು ಪ್ರದರ್ಶನ ನೀಡುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಈ ಬಾರಿ ಆ ವಾರದ ಜುಮಾದ ಬಳಿಕ ಊರಿನ ಎಲ್ಲ ಜಮಾಅತುಗಳ ಪ್ರಮುಖರು, ವರ್ತಕರ ಸಂಘದ ಹಿಂದೂ, ಜೈನ, ಕ್ರೈಸ್ತ ಬಂಧುಗಳನ್ನೂ ಕೂಡಿಕೊಂಡು ಠಾಣೆಗೆ ಹೋಗಲಿ. ವಾಹನ ಯಾವ ವರ್ಷದ ನೋಂದಣಿಯದು, ಪಂಪಿನ ಒತ್ತಡ ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಒಂದು ಪಾಳಿಯಲ್ಲಿರುವ ಸಿಬ್ಬಂದಿ ಎಷ್ಟು, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಬಿದ್ದಿರುವುದೆಷ್ಟು ಎಂಬುದನ್ನು ಬರೆದುಕೊಳ್ಳಲಿ. ನಮ್ಮ ಓಣಿಗಳಲ್ಲಿ ಠಾಣೆಯವರೊಡನೆ ಒಮ್ಮೆ ನಡೆದು, ದೊಡ್ಡ ವಾಹನ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಮುಂದೆ ಚಿಕ್ಕ ವಾಹನವೇ ಬೇಕು ಎಂದು ನಕ್ಷೆ ಗುರುತಿಸಲಿ. ಅದನ್ನೆಲ್ಲ ಸೇರಿಸಿ ಶಾಸಕರಿಗೆ, ಜಿಲ್ಲಾಧಿಕಾರಿಗೆ, ಗೃಹ ಸಚಿವರಿಗೆ ಒಂದೇ ಒಕ್ಕಣೆಯ ಮನವಿ ಹೋಗಲಿ: ಹಳೆಯ ವಾಹನದ ನೋಂದಣಿ ಮುಗಿಯುವ ಮೊದಲೇ ಹೊಸದು, ಜನಸಂಖ್ಯೆಗೆ ತಕ್ಕಂತೆ ಎರಡನೆಯದು, ಓಣಿಗಳಿಗೆಂದು ಚಿಕ್ಕದೊಂದು. ಶಾಸಕರು ಮುಂದಿನ ಬಾರಿ ಶಾದಿ ಮಹಲಿನ ಅಡಿಗಲ್ಲಿಗೆ ಬಂದಾಗ ಶಾಲಿಗಿಂತ ಮೊದಲು ಆ ಮನವಿಯ ಪ್ರತಿಯನ್ನು ಅವರ ಕೈಗಿಡಿ. ಅದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಇರಲಿ.